ಎರಡನೇ ಗೋಲ್‌ಕೀಪರ್‌ನ ಪೇಟ

ಮಾಲೂರಿನ ನಮ್ಮ ಕಾರ್ಖಾನೆಗೆ ಮೆಷಿನ್ ಕೂರಿಸೋಕೆ ಬಂದಿದ್ದ ಜರ್ಮನಿಯ ಹಿರಿಯರೊಬ್ಬರು ಹರೆಯದಲ್ಲಿ ವೃತ್ತಿಪರ ಫುಟ್‌ಬಾಲ್ ಆಡಿದ್ದವರು. ಸುದ್ದಿ ಹೇಗೋ ಬೈರಕೂರು ಕಡೆಯ ಶಾಲೆಯೊಂದಕ್ಕೆ ತಲುಪಿ, ಅಲ್ಲಿಯವರು ಸನ್ಮಾನಕ್ಕೆ ಕರೆದರು. ಅಲ್ಪಸ್ವಲ್ಪ ಜರ್ಮನ್ ಬರುತ್ತಿದ್ದ ನಾನು ಜೊತೆಗೆ ಹೋದೆ.

ಮೇಷ್ಟ್ರು ಶಾಲು ಹೊದಿಸಿ, ಮೈಸೂರು ಪೇಟ ಇಟ್ಟು, "ಲೆಕ್ಕವಿಲ್ಲದಷ್ಟು ಗೋಲು ತಡೆದ ಮಹಾನುಭಾವರು" ಅಂದರು. ನಾನು ಅದರ ಅರ್ಥ ಹೇಳಿದ್ದೇ ತಡ, ಅತಿಥಿ ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಅವರಿಗೆ ನಿಜ ಹೇಳಿ. ನಾನು ಎರಡನೇ ಗೋಲ್‌ಕೀಪರ್. ಹನ್ನೊಂದು ವರ್ಷ ಬೆಂಚಿನ ಮೇಲೆ ಕೂತೆ. ಆಡಿದ್ದು ನಾಲ್ಕೇ ಪಂದ್ಯ."

ಹಾಗೇ ಕನ್ನಡದಲ್ಲಿ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಷ್ಟ್ರು ಮೈಕ್ ಪಕ್ಕಕ್ಕಿಟ್ಟರು. "ಮೊದಲನೆಯವನಿಗೆ ಏಟಾಗಲಿ ಅಂತ ಯಾವತ್ತಾದ್ರೂ ಅನ್ನಿಸ್ತಾ, ಅವರನ್ನ ಕೇಳಿ ಸಾರ್."

"ಮೊದಲೆರಡು ವರ್ಷ ದಿನಾ ಅನ್ನಿಸ್ತಿತ್ತು," ಅಂದರು ಅತಿಥಿ. "ಆಮೇಲೆ ಅವನು ಬಿದ್ದಾಗೆಲ್ಲ, ಎದ್ದೇಳಪ್ಪಾ ಅಂತ ಬೇಡಿಕೊಳ್ತಿದ್ದೆ. ಕೂತೂ ಕೂತೂ ಮೈದಾನಕ್ಕಿಳಿಯೋಕೇ ಭಯವಾಗಿತ್ತು."

ನಾನದನ್ನು ಕನ್ನಡದಲ್ಲಿ ಹೇಳಿದ ಮೇಲೆ ಮೇಷ್ಟ್ರು ಅತಿಥಿಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು. "ನಾನಿಲ್ಲಿ ಪ್ರಭಾರ ಮುಖ್ಯೋಪಾಧ್ಯಾಯ ಸಾರ್. ಖಾಯಂ ಹೆಡ್‌ಮಾಸ್ಟರ್ ಬರೋವರೆಗೆ ಅಂತ ಕೂರಿಸಿದ್ರು, ಒಂಬತ್ತು ವರ್ಷ ಆಯ್ತು. ಅವರು ಬರಲಿ ಅಂತೀನೋ, ಬರದೇ ಇರಲಿ ಅಂತೀನೋ, ಈಗ ನನಗೇ ಗೊತ್ತಾಗ್ತಿಲ್ಲ."

ಅದನ್ನೂ ಜರ್ಮನ್‌ನಲ್ಲಿ ಹೇಳಿದೆ. ಅತಿಥಿ ಎದ್ದು ಪೇಟವನ್ನು ಮೇಷ್ಟ್ರ ತಲೆಗಿಟ್ಟರು. ಆಗ ಬಿತ್ತು ಚಪ್ಪಾಳೆ.

ನಾನೂ ಜೋರಾಗಿಯೇ ತಟ್ಟಿದೆ. ಕಂಪನಿಯ ಖಾಯಂ ದುಭಾಷಿ ಅವತ್ತು ರಜೆ ಹಾಕಿದ್ದರು ಅನ್ನೋದನ್ನು ಮಾತ್ರ ಯಾರಿಗೂ ಹೇಳಲಿಲ್ಲ.