ಹಳದಿಗೆ ತಿರುಗಿದ ಓಕುಳಿ

ನನ್ನ ಕಾಲ್ಗುಣ ಸರಿಯಿಲ್ಲ ಎಂದು ತೀರ್ಪು ಕೊಟ್ಟದ್ದು ಒಂದು ಹಿತ್ತಾಳೆ ತಟ್ಟೆ. ನೆಲಮಂಗಲದ ಕಡೆಯಿಂದ ಎತ್ತಿನ ಗಾಡಿಯಲ್ಲಿ ದೊಡ್ಡಬಳ್ಳಾಪುರದ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದಾಗ ಇನ್ನೂ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಸೀಮೆಎಣ್ಣೆ ಸಿಗುತ್ತಿರಲಿಲ್ಲವೆಂದು ಹಗಲಲ್ಲೇ ನಮ್ಮನ್ನು ಮನೆ ತುಂಬಿಸಿಕೊಂಡರು. ಕತ್ತಲಾಗಿದ್ದರೆ ತಟ್ಟೆಯಲ್ಲಿ ಏನಾಯಿತೆಂದು ಯಾರಿಗೂ ಕಾಣುತ್ತಿರಲಿಲ್ಲವೇನೋ.

ಅತ್ತೆ ಅರಿಶಿನದ ನೀರಿಗೆ ಸುಣ್ಣ ಕದಡಿ ಆರತಿಗೆ ಓಕುಳಿ ಮಾಡಿ ತಂದರು. ಹೊಸ್ತಿಲಿಗೆ ಬರುವಷ್ಟರಲ್ಲಿ ಆ ಕೆಂಪು ಇಳಿದು ಹಳದಿಯಾಯಿತು. ಇನ್ನಷ್ಟು ಸುಣ್ಣ ಹಾಕಿದರು, ಕೆಂಪಾಯಿತು. ನಮಗೆ ನಿವಾಳಿಸುತ್ತಿದ್ದಂತೆ ಮತ್ತೆ ಹಳದಿ. ಹೆಂಗಸರು ಹಾಡು ನಿಲ್ಲಿಸಿದರು.

"ಬಣ್ಣಾನೇ ನಿಲ್ತಿಲ್ವಲ್ಲವ್ವ, ಇವಳ ಕಾಲ್ಗುಣ ಎಂಥದ್ದೋ!" ಎಂದಳು ನೆರೆಮನೆಯ ಮುದುಕಿ.

ಗಂಡ ಎನಿಸಿಕೊಂಡವರು ಪಂಚೆಯ ಅಂಚು ಸರಿಮಾಡಿಕೊಳ್ಳುತ್ತ ನಿಂತಿದ್ದರು. ಅಷ್ಟೇ ಸಾಕಾಯಿತು. ಹಸು ದಿನ ತುಂಬುವ ಮೊದಲೇ ಕಂದು ಹಾಕಿದರೆ ಕಾರಣ ನಾನು, ಹಾಲು ಒಡೆದರೂ ನಾನು. ನಮ್ಮ ಮನೆಯ ಶುಭಕಾರ್ಯದಲ್ಲೇ ನನ್ನ ಕೈಗೆ ಆರತಿ ತಟ್ಟೆ ಕೊಡುತ್ತಿರಲಿಲ್ಲ. ಮುತ್ತೈದೆಯಾಗಿಯೂ ಗೋಡೆಗೆ ಆನಿಕೊಂಡು ನಿಲ್ಲುವುದು ಎಂಥ ಹಿಂಸೆಯೆಂದು ನಿಂತವರಿಗೇ ಗೊತ್ತು.

ಮೈದುನನಿಗೆ ಹೆಣ್ಣು ಗೊತ್ತಾದ ದಿನಗಳಲ್ಲಿ ನನ್ನ ಕೈ ಉಳುಕಿತು. ಅರಿಶಿನ, ಸುಣ್ಣ ಕಲಸಿ ಪಟ್ಟು ಹಾಕಿಕೊಂಡಿದ್ದೆ. ಕೈ ಉಳುಕಿದರೇನು, ಸೊಸೆಗೆ ಪಾತ್ರೆ ತಿಕ್ಕುವುದರಿಂದ ಬಿಡುವುಂಟೇ? ಹುಣಸೆಹಣ್ಣು ಹಾಕಿ ಹಿತ್ತಾಳೆ ತಿಕ್ಕುತ್ತಿದ್ದಾಗ, ರಸ ತಾಗಿದ ಕಡೆಯೆಲ್ಲ ಕೆಂಪು ಪಟ್ಟು ಹಳದಿಯಾಯಿತು. ತೊಳೆದ ಮೇಲೂ ಆ ಆರತಿ ತಟ್ಟೆಯ ಅಂಚಿನ ಚಿತ್ತಾರದೊಳಗೆ ಹುಣಸೆಹಣ್ಣು ಇನ್ನೂ ಮೆತ್ತಿಕೊಂಡಿತ್ತು. ಮೈಯೆಲ್ಲ ಉರಿದುಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದರು.

ಅತ್ತೆಯನ್ನು ಕರೆದು ಕೂರಿಸಿದೆ. ಓಕುಳಿ ಕದಡಿ ಹುಣಸೆರಸ ಬಿಟ್ಟೆ, ಹಳದಿಯಾಯಿತು. ಸುಣ್ಣ ಹಾಕಿದೆ, ಕೆಂಪು. ಮತ್ತೆ ಹುಳಿ, ಮತ್ತೆ ಹಳದಿ.

"ನೋಡಿ ಅತ್ತೆಮ್ಮ, ಅವತ್ತು ಆಗಿದ್ದೂ ಇದೇ. ತಟ್ಟೇನ ಸರಿಯಾಗಿ ತೊಳೆದಿರ್ಲಿಲ್ಲ. ಅದ್ರಲ್ಲಿ ನಂದೇನು ತಪ್ಪು? ಬರೋ ಹುಡುಗೀಗೆ ಆರತಿ ನಾನೇ ಬೆಳಗ್ತೀನಿ."

ಅತ್ತೆ ತಟ್ಟೆಯ ಅಂಚನ್ನು ಉಗುರಿನಿಂದ ಕೆರೆದು ನೋಡಿದರು. "ಆಯ್ತು ಬುಡವ್ವ" ಎಂದು ಎದ್ದುಹೋದರು. ಆಯ್ತು ಎಂದರಲ್ಲ, ಅಷ್ಟಕ್ಕೇ ನಾನು ಹುಚ್ಚಿಯ ಹಾಗೆ ಹಿಗ್ಗಿದೆ.

ವಾರಗಿತ್ತಿ ಮನೆಗೆ ಬರುವ ದಿನ ಅತ್ತೆ ಆ ತಟ್ಟೆಗೆ ಹುಣಸೆಹಣ್ಣು ಸೋಕಿಸಗೊಡಲಿಲ್ಲ. ನನ್ನ ಕೈಯಿಂದಲೇ ಬೂದಿಯಲ್ಲಿ ತಿಕ್ಕಿಸಿ, ಮುಂದೆ ನಿಂತು ಅಂಚೆಲ್ಲ ತೊಳೆಸಿದರು. ಬೆಳಕಿಗೆ ಹಿಡಿದು ನೋಡಿ, ತೃಪ್ತಿಯಾಗಿ, ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಗಾಡಿ ಬಂತು ಕಣವ್ವ. ನೀನು ಹಿತ್ತಲಿಗೋಗು" ಎಂದರು.