ಪ್ಲಗ್ಗು ಕೀಳಬೇಕಿದ್ದ ಭಾನುವಾರ

ಕರೆಂಟು ಹೋಗಬಹುದಿತ್ತು. ಜನರೇಟರಿಗೆ ಡೀಸೆಲ್ ಹಾಕಿಸಿದ್ದೆ, ಆದರೆ ಜನರೇಟರೇ ಕೈಕೊಡಬಹುದಿತ್ತು. ಇಲಿ ಕೇಬಲ್ ಕಡಿಯಬಹುದಿತ್ತು. ಹಿಂದಿನ ತಿಂಗಳು ಕಡಿದೂ ಇತ್ತು. ಯುಪಿಎಸ್‌ನೊಳಗೆ ಹಲ್ಲಿ ಬೀಳಬಹುದಿತ್ತು. ಪ್ರಿನ್ಸಿಪಾಲರು ಯಾರದೋ ಮದುವೆಯ ಪತ್ರಿಕೆ ಟೈಪು ಮಾಡಿಸಲು ಅವತ್ತೇ ಲ್ಯಾಬಿಗೆ ಬರಬಹುದಿತ್ತು. ನನ್ನ ಪ್ರೋಗ್ರಾಮಿನಲ್ಲಿ ಒಂದು ಚುಕ್ಕೆ ಆಚೀಚೆಯಾಗಿರಬಹುದಿತ್ತು. ಇಷ್ಟನ್ನೂ ಹಾಳೆಯಲ್ಲಿ ಬರೆದು, ಒಂದೊಂದರ ಮುಂದೆ ಪರಿಹಾರವನ್ನೂ ಬರೆದು, ಜೇಬಿನಲ್ಲಿಟ್ಟುಕೊಂಡಿದ್ದೆ. ಮನುಷ್ಯರು ಮಾತ್ರೆ ಚೀಟಿ ಇಟ್ಟುಕೊಳ್ಳುವ ಜೇಬಿನಲ್ಲಿ.

ಆಗ ನಾನು ಚಳ್ಳಕೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾ, ನಡುವೆ ಪಿಎಚ್.ಡಿ. ಮಾಡುತ್ತಿದ್ದೆ. ಎರಡು ಸಾವಿರದ ಇಸವಿ ಆಗತಾನೆ ದಾಟಿತ್ತು. ಲ್ಯಾಬಿನಲ್ಲಿ ಎಂಟು ಯಂತ್ರ. ನನ್ನ ಸಂಶೋಧನೆ ಇಷ್ಟೇ: ದೊಡ್ಡ ಲೆಕ್ಕವೊಂದನ್ನು ಎಂಟೂ ಹಂಚಿಕೊಂಡು ಮಾಡುತ್ತಿರುವಾಗ ಒಂದೆರಡು ಸತ್ತರೆ, ಮೇಸ್ತ್ರಿ ಯಾರೂ ಹೇಳದೆ ಉಳಿದವೇ ಅವುಗಳ ಪಾಲನ್ನೂ ಹಿಡಿದು ಮುಗಿಸಬೇಕು. ಶೇಂಗಾ ಕೀಳುವಾಗ ಒಬ್ಬಾಕೆ ಎದ್ದು ಮನೆಗೆ ಹೋದರೆ ಪಕ್ಕದವರು ಮಾತಿಲ್ಲದೆ ಅವಳ ಸಾಲು ಹಿಡಿಯುತ್ತಾರಲ್ಲ, ಹಾಗೆ. ಕಾಗದದ ಮೇಲೆ ಸಾಧಿಸಿ ಆಗಿತ್ತು. ಇನ್ನು ನಿಜವಾದ ಯಂತ್ರಗಳನ್ನು ನಿಜವಾಗಿ ಸಾಯಿಸಿ ನೋಡಬೇಕಿತ್ತು. ಅದು ಗೆದ್ದರೆ ಪ್ರಬಂಧ. ಪ್ರಬಂಧವಾದರೆ, ಐದು ವರ್ಷದಿಂದ ನನ್ನನ್ನು ಕಾಯಿಸುತ್ತಿದ್ದ ಡಾಕ್ಟರೇಟು.

ಸಾಯಿಸುವವನು ನಾನಾಗಬಾರದು. ನನ್ನ ವಿಧಾನಕ್ಕೆ ನೋವಾಗದ ಹೊತ್ತು ನೋಡಿಯೇ ನಾನು ಪ್ಲಗ್ಗು ಕೀಳುತ್ತೇನೆ. ನನ್ನ ಬಗ್ಗೆ ನನಗೆ ಅಷ್ಟು ತಿಳುವಳಿಕೆ ಇತ್ತು. ಹಾಗಾಗಿ ಲ್ಯಾಬಿನ ಅಟೆಂಡರಣ್ಣನಿಗೆ ಒಪ್ಪಿಸಿದೆ. ಗೌರಸಮುದ್ರದ ಕಡೆಯವರು, ನನಗಿಂತ ಹಿರಿಯರು. ಇಡೀ ಕಾಲೇಜಿನಲ್ಲಿ ನಾನು ಕೀಲಿಕೈ ಕೊಟ್ಟು ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಿದ್ದುದು ಅವರೊಬ್ಬರನ್ನು ನಂಬಿ. ಭಾನುವಾರ ಹತ್ತರಿಂದ ನಾಲ್ಕರೊಳಗೆ, ಮನಸ್ಸು ಬಂದಾಗ ಮನಸ್ಸು ಬಂದ ಯಂತ್ರದ ಪ್ಲಗ್ಗು ಕಿತ್ತು, ಹೊತ್ತು ಬರೆದಿಟ್ಟು, ಸ್ವಲ್ಪ ಬಿಟ್ಟು ಮತ್ತೆ ಹಾಕಿ ಎಂದೆ. ಆಗಲಿ ಸಾರ್ ಎಂದರು.

ಊರಲ್ಲಿದ್ದರೆ ಕಿಟಕಿಯಲ್ಲಿ ಇಣುಕುತ್ತೇನೆಂದು ಬಸ್ಸು ಹತ್ತಿ ಮೊಳಕಾಲ್ಮೂರಿನ ಅಕ್ಕನ ಮನೆಗೆ ಹೋದೆ. ಮಗ್ಗದ ಪಕ್ಕ ಕೂತು ಗಡಿಯಾರ ನೋಡಿದ್ದೇ ನೋಡಿದ್ದು. "ಇಲ್ಲಿ ನೀ ಬೆವತ್ರೆ ಅಲ್ಲಿ ನಿನ್ ಮಿಷನ್ನು ತಣ್ಣಗಿರ್ತಾವೇನಪ್ಪಾ?" ಎಂದಳು ಅಕ್ಕ.

ಸಂಜೆ ಬಂದು ನೋಡಿದರೆ ಲೆಕ್ಕದ ಉತ್ತರ ಸರಿಯಾಗಿತ್ತು. ನೋಟ್‌ಬುಕ್ಕಿನಲ್ಲಿ ಅಣ್ಣನ ದುಂಡನೆಯ ಅಕ್ಷರ: ಮೂರನೇದು ಹತ್ತೂ ನಲವತ್ತಕ್ಕೆ, ಆರನೇದು ಹನ್ನೆರಡಕ್ಕೆ, ಊಟ ಆದಮೇಲೆ ಎರಡು ಮತ್ತು ಏಳು ಒಟ್ಟಿಗೆ. ಒಟ್ಟಿಗೆ ಎರಡು ಕೀಳುವ ಧೈರ್ಯ ನನಗಂತೂ ಇರಲಿಲ್ಲ. ಹೇಗೆ ಕಿತ್ತಿರಿ ಎಂದು ಕೇಳಿದರೆ ಒಂದೇ ಏಟಿಗೆ ಎಂದು ಕೈ ಬೀಸಿ ತೋರಿಸಿದರು. ಬರೆದು ಕಳಿಸಿದ ಪ್ರಬಂಧಕ್ಕೆ ಸಮ್ಮೇಳನವೊಂದರ ಒಪ್ಪಿಗೆ ಬಂದ ದಿನ ಅಣ್ಣ ನಾನು ಹಂಚಿದ ಮೈಸೂರುಪಾಕಿನಲ್ಲಿ ಎರಡು ತುಂಡು ತಿಂದು, ಮೊಮ್ಮಗಳಿಗೆಂದು ಇನ್ನೊಂದನ್ನು ಕಟ್ಟಿಕೊಂಡರು.

ಒಪ್ಪಿದವರು ಒಂದೇ ಒಂದು ವಿವರ ಕೇಳಿದ್ದರು: ಕಿತ್ತ ಯಂತ್ರ ಮತ್ತೆ ಎದ್ದು ಕೆಲಸಕ್ಕೆ ಕೂಡಿಕೊಳ್ಳಲು ಎಷ್ಟು ಹೊತ್ತು ಹಿಡಿಯಿತು? ಯಂತ್ರಗಳು ತಾವು ಎದ್ದ ಹೊತ್ತನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ತೆರೆದು ನೋಡಿದೆ. ಆ ಭಾನುವಾರ ಎಂಟೂ ಬೆಳಿಗ್ಗೆ ಒಂದು ಸಲ ಎದ್ದಿದ್ದವು. ಅಷ್ಟೇ. ಮತ್ತೆ ಏಳಬೇಕಾದರೆ ಬಿದ್ದಿರಬೇಕಲ್ಲ.

ಅಣ್ಣನನ್ನು ಕರೆದು ತೋರಿಸಿದೆ. ಬಹಳ ಹೊತ್ತು ಮೇಜು ಒರೆಸಿದರು.

"ಪ್ಲಗ್ಗಿಗೆ ಕೈ ಹಾಕ್ದೆ ಸಾರ್. ಒಳಗೆ ಫ್ಯಾನು ತಿರುಗ್ತಾ ಐತೆ. ನಡೆಯೋ ಮಿಷನ್ನು ಕಿತ್ರೆ ಸುಟ್ಟೋಗ್ತೈತೆ ಅಂತ ಮೊದ್ಲನೇ ದಿನ ಹೇಳಿಕೊಟ್ಟೋರು ನೀವೇ."

"ಆಗಲ್ಲ ಅಂತ ಹೇಳಬಹುದಿತ್ತಲ್ಲಣ್ಣ. ಬರೆದಿದ್ದು ಯಾಕೆ?"

"ನಿಮಗೆ ಬೇಜಾರಾಗಬಾರ್ದಲ್ಲ ಸಾರ್."

ನನಗೆ ಬೇಜಾರಾಗಬಾರದೆಂದು ಕೂತು, ಹೊತ್ತುಗಳನ್ನು ಊಹಿಸಿ, ಊಟಕ್ಕೂ ಬಿಡುವು ಕೊಟ್ಟು ಬರೆದಿದ್ದರು. ಯಾರಾದರೂ ಹೊಟ್ಟೆಕಿಚ್ಚಿನಿಂದ ನನ್ನ ಕೆಲಸ ಕೆಡಿಸಿದ್ದರೆ ಅದಕ್ಕೆ ನಾನು ಹುಟ್ಟಿದಾಗಿನಿಂದಲೇ ತಯಾರಿದ್ದೆ. ಅಕ್ಕರೆಯಿಂದ ಮೋಸಹೋಗಲು ತಯಾರಿರಲಿಲ್ಲ. ಅವತ್ತಿನಿಂದ ಲ್ಯಾಬಿನ ಕೀಲಿಕೈ ನಾನೇ ಇಟ್ಟುಕೊಂಡೆ. ಅವರು ಕೇಳಲಿಲ್ಲ. ನಾನು ಕೊಡಲೂ ಇಲ್ಲ, ಅವರು ರಿಟೈರ್ ಆಗುವವರೆಗೂ.

ಮರುದಿನ ಲೆಕ್ಕ ಹೊಸದಾಗಿ ಶುರುಮಾಡಿ ಮೂರನೇ ಯಂತ್ರದ ಪ್ಲಗ್ಗು ನಾನೇ ಕಿತ್ತೆ. ಅದೇನೂ ಸುಟ್ಟುಹೋಗಲಿಲ್ಲ. ಆದರೆ ಉಳಿದ ಏಳೂ ಅದರ ಪಾಲು ಹಿಡಿಯುವ ಬದಲು, ಅದು ಬರಲೆಂದು ಕಾದು ಕೂತವು. ನಾನು ಊಟ ಮುಗಿಸಿ ಬಂದರೂ ಕಾಯುತ್ತಲೇ ಇದ್ದವು.

ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ನನ್ನ ಪಿಎಚ್.ಡಿ. ಗೈಡಿಗೆ ಫೋನು ಮಾಡಿದೆ. ವಿಧಾನ ಸೋತಿದೆ, ಸರಿಮಾಡಲು ವರ್ಷವಾದರೂ ಬೇಕು, ಪ್ರಬಂಧ ವಾಪಸ್ ತಗೊಳ್ಳೋಣ ಎಂದೆ. ಅವರು ಕೇಳಿದ್ದು ಒಂದೇ.

"ಹಂಗಾದ್ರೆ ಆ ಭಾನುವಾರ ಹೇಗಯ್ಯಾ ಸರಿಬಂತು?"

"ಪ್ಲಗ್ಗು ಕಿತ್ತಿರಲಿಲ್ಲ ಸಾರ್."