ಪೊರ್ಬುಗಳ ಹನ್ನೆರಡು ಗಂಟೆ

ಕಳೆದ ವಾರ ದರ್ಬೆಯ ಒಂದು ಬೇಕರಿಯ ಎದುರು ಬ್ರೆಡ್ಡಿಗೆಂದು ನಿಂತಿದ್ದೆ. ಒಳಗಿನಿಂದ ಕರಿಗಡುಬಿನಂಥ ನೆವ್ರಿ ಕರಿಯುವ ವಾಸನೆ ಬಂತು. ಎಳ್ಳು, ಕೊಬ್ಬರಿ, ಏಲಕ್ಕಿ, ಕಾದ ಎಣ್ಣೆ... ಬ್ರೆಡ್ಡು ಮರೆತೇ ಹೋಯಿತು. ಕಡಬದ ಹತ್ತಿರದ ನಮ್ಮ ಹಳ್ಳಿಯ, ನೆರೆಮನೆಯ ಪೊರ್ಬುಗಳು ಕಣ್ಣೆದುರು ಬಂದು ನಿಂತರು.

ಕೊಂಕಣಿ ಮಾತಾಡುವ ಕ್ರೈಸ್ತರನ್ನು ನಮ್ಮ ಕಡೆ ಮರ್ಯಾದೆಯಿಂದ ಪೊರ್ಬುಗಳು ಎನ್ನುವುದು ವಾಡಿಕೆ. ಊರಲ್ಲಿ ಬೇರೆ ಪೊರ್ಬುಗಳೂ ಇದ್ದರು, ಆದರೆ ಬರೀ ಪೊರ್ಬುಗಳು ಅಂದರೆ ಇವರೇ. ಕುಳ್ಳಗಿನ ಆಳು, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ನಗು. ತೋಡಿನ ನೀರಿಗೆ ಅಡ್ಡ ಕಟ್ಟ ಕಟ್ಟುವುದಿದ್ದರೆ ಮೊದಲ ಕಲ್ಲು ಹೊರುವವರು ಅವರು. ಯಾರಿಗಾದರೂ ತಾಲೂಕು ಕಚೇರಿಗೆ ಅರ್ಜಿ ಬರೆಯಬೇಕೆಂದರೂ ಅವರೇ. ಕ್ರಿಸ್ಮಸ್ಸಿಗೆ ನಮ್ಮ ಮನೆಗೆ ಒಂದು ಬುಟ್ಟಿ ಬಾಳೆಹಣ್ಣು ಕಳಿಸುತ್ತಿದ್ದರು, ಅವರ ಮನೆಯಲ್ಲಿ ಬೇಯಿಸಿದ್ದನ್ನು ನಾವು ತಿನ್ನುವ ಕ್ರಮ ಇರಲಿಲ್ಲವಲ್ಲ. ಹಣ್ಣಿನ ಅಡಿಯಲ್ಲಿ ಮಕ್ಕಳಿಗೆಂದು ನೆವ್ರಿಯ ಪೊಟ್ಟಣ ಇರುತ್ತಿತ್ತು. "ಬುಟ್ಟಿಯ ಅಡಿ ನಾನು ನೋಡುದಿಲ್ಲ, ನನಗೆ ಕಣ್ಣೂ ಕಾಣುದಿಲ್ಲ" ಎಂದು ಅಜ್ಜಿ ಒಳಗೆ ಹೋಗುತ್ತಿದ್ದರು. ಸೂಜಿಗೆ ನೂಲು ಪೋಣಿಸುವಾಗ ಮಾತ್ರ ಅವರಿಗೆ ಚೆನ್ನಾಗಿ ಕಾಣುತ್ತಿತ್ತು!

ಗುಡ್ಡದ ಮೇಲಿನ ಇಗರ್ಜಿಯ ಗಂಟೆ ಹೊಡೆಯುವ ಕೆಲಸವೂ ಪೊರ್ಬುಗಳದ್ದೇ. ಬೆಳಿಗ್ಗೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ. ಊರಲ್ಲಿ ಗಡಿಯಾರ ಇದ್ದದ್ದು ಇಗರ್ಜಿಯಲ್ಲಿ ಮಾತ್ರ, ಹಾಗಾಗಿ ಎಲ್ಲ ಜಾತಿಯವರ ಹೊತ್ತು ನಡೆಯುತ್ತಿದ್ದುದು ಆ ಗಂಟೆಯ ಮೇಲೆ. ಗದ್ದೆಯವರು ಮಧ್ಯಾಹ್ನದ ಗಂಜಿಗೆ ಏಳುವುದು ಆ ಗಂಟೆಗೆ, ನಮ್ಮ ಅಪ್ಪ ದೇವರ ಪೂಜೆಗೆ ಕೂರುವುದೂ ಆ ಗಂಟೆಗೆ.

ನನಗೆ ಹತ್ತು ವರ್ಷವಾಗಿದ್ದಾಗ ಅಕ್ಕನ ಮದುವೆ ಬಂತು. ಅವಳಿಗೆ ಅದಕ್ಕೆ ಮುಂಚೆ ಎರಡು ಸಂಬಂಧ ಕೂಡಿ ಬಂದು ತಪ್ಪಿಹೋಗಿದ್ದವು. ಜಾತಕದ್ದೇ ದೋಷ ಎಂದು ಜನ ಆಡಿಕೊಳ್ಳುತ್ತಿದ್ದರು. ಈ ಸಲ ಈಶ್ವರಮಂಗಲದ ಹುಡುಗ. ಹನ್ನೆರಡರ ಒಳಗೆ ಧಾರೆ ಆಗಬೇಕು ಎಂದು ಪುರೋಹಿತರು ಹೇಳಿದ್ದರು. ಅದು ತಪ್ಪಿದರೆ ಮಳೆಗಾಲ, ಆಮೇಲೆ ಮದುವೆಯೇ ಮಾಡದ ಆಟಿ ತಿಂಗಳು... ಅಷ್ಟರಲ್ಲಿ ಮೂರನೆಯದೂ ಕೈ ತಪ್ಪಿದರೆ ಅಕ್ಕನ ಗತಿ ಮುಗಿಯಿತು ಎಂದು ಅಮ್ಮ ಹಿಂದಿನ ದಿನವೇ ಕಣ್ಣೊರೆಸಿಕೊಳ್ಳುತ್ತಿದ್ದರು.

ಆ ಬೆಳಿಗ್ಗೆ ಮೊದಲ ಮಳೆ ಸುರಿದು ಹೊಳೆ ಕೆಂಪಾಗಿ ಏರಿತು. ದಿಬ್ಬಣ ಆಚೆ ದಡದಲ್ಲಿ ಸಿಕ್ಕಿಬಿತ್ತು. ನೀರಿನ ರಭಸ ಇಳಿಯದೆ ದೋಣಿ ಬಿಡಲಾರೆ ಎಂದು ಅಂಬಿಗ ಕೂತುಬಿಟ್ಟ. ಚಪ್ಪರದಲ್ಲಿ ಎಲೆ ಎಣಿಸುತ್ತಿದ್ದ ಪೊರ್ಬುಗಳು ಮಧ್ಯಾಹ್ನದ ಗಂಟೆಗೆಂದು ಎದ್ದರು. ಅಪ್ಪನ ಮುಖ ನೋಡಿ, "ಹೆದರ್ಬೇಡಿ ಮಾರಾಯ್ರೆ. ನಾನು ಗಂಟೆ ಹೊಡೆದು ಬರ್ತೇನೆ" ಎಂದು ಕೊಡೆ ಬಿಡಿಸಿಕೊಂಡು ಗುಡ್ಡ ಹತ್ತಿದರು.

ಗಂಟೆ ಆಗಲಿಲ್ಲ. ಆಕಾಶದ ತುಂಬ ಮೋಡ, ನೆರಳು ನೋಡಿ ಹೊತ್ತು ಹೇಳುವಂತೆಯೂ ಇಲ್ಲ. ಹೊತ್ತು ಮೀರಿತೇ ಎಂದು ಅಪ್ಪ ಮತ್ತೆ ಮತ್ತೆ ಕೇಳಿದಾಗ ಪುರೋಹಿತರು, "ಇಗರ್ಜಿ ಗಂಟೆ ಆಗ್ಲಿಲ್ಲ ಅಲ್ವಾ? ಹಾಗಾದ್ರೆ ಹೊತ್ತು ಉಂಟು" ಎಂದರು. ಅಷ್ಟು ಅನುಭವದ ಪುರೋಹಿತರಿಗೆ ಅನುಮಾನ ಬಂದಿರಲಿಲ್ಲ ಎಂದರೆ ನಾನು ನಂಬುವುದಿಲ್ಲ. ಕೊನೆಗೆ ದಿಬ್ಬಣ ಓಡುತ್ತಾ ಬಂತು, ಮದುಮಗನ ಪಂಚೆ ಮೊಣಕಾಲಿನವರೆಗೆ ಕೆಸರು. ಧಾರೆ ಎರೆದು ವಾಲಗ ಜೋರಾಗಿ ಮೊಳಗಿತು. ಅದು ನಿಂತ ಕೂಡಲೇ ಗುಡ್ಡದ ಮೇಲೆ ಗಂಟೆ ಹೊಡೆಯಿತು! ಒಳ್ಳೇ ಶಕುನ ಎಂದರು ಎಲ್ಲರೂ.

ಮುಂದಿನ ಆದಿತ್ಯವಾರ ಪೊರ್ಬುಗಳು ನಮ್ಮ ಜಗಲಿಯ ತುದಿಯಲ್ಲಿ ಕೂತು ಸಣ್ಣ ದನಿಯಲ್ಲಿ ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು.

"ಅರ್ಧ ಗಂಟೆ ತಡ ಮಾಡಿದೆ. ಪಾದ್ರಿಗಳ ಹತ್ರ ತಪ್ಪೊಪ್ಪಿಕೊಂಡೆ. ಅವರು ನಕ್ಕು ಪ್ರಾರ್ಥನೆ ಮಾಡ್ಲಿಕ್ಕೆ ಹೇಳಿದ್ರು. ದೇವರು ಕ್ಷಮಿಸ್ತಾರೆ. ಆದ್ರೆ ಗದ್ದೆಯವರು ಎಂತ ಮಾಡಿದ್ರು ಪಾಪ? ಹಸಿದ ಹೊಟ್ಟೆಯಲ್ಲಿ ಅರ್ಧ ಗಂಟೆ ಜಾಸ್ತಿ ದುಡಿದ್ರಲ್ಲ!"

"ಇನ್ನೆಂತ ಮಾಡುದು ಪೊರ್ಬುಗಳೇ?"

"ನಾಳೆಯಿಂದ ಶನಿವಾರದವರೆಗೆ ದಿನಕ್ಕೆ ಐದು ನಿಮಿಷ ಮೊದಲೇ ಹೊಡೀತೇನೆ. ಸರಿ ಆಗ್ತದೆ."

ಹಾಗೆಯೇ ಮಾಡಿದರು. ಆ ಒಂದು ವಾರ ಊರಿಗೆ ಊರೇ ಐದು ನಿಮಿಷ ಮೊದಲು ಉಂಡಿತು, ನಮ್ಮನ್ನು ಬಿಟ್ಟು ಅದು ಯಾರಿಗೂ ತಿಳಿಯಲಿಲ್ಲ. ಗಂಡನ ಮನೆಯವರ ಕಿವಿಗೆ ಬಿದ್ದರೆ ಮುಹೂರ್ತ ಮೀರಿದ ಮದುವೆ ಎಂದಾರು ಎಂದು ಹೆದರಿದ ಅಪ್ಪ, ಅಕ್ಕನಿಗೂ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡರು.

ಅರುವತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಪೊರ್ಬುಗಳು ತೀರಿಹೋದರು. ಇಗರ್ಜಿಯ ಅಂಗಳದಲ್ಲಿ ಕೊಡೆಗಳೇ ಕೊಡೆಗಳು, ಎಲ್ಲ ಜಾತಿಯವೂ. ನಾನು ಬಿಕ್ಕಿಬಿಕ್ಕಿ ಅತ್ತೆ. ಅಕ್ಕ ಬರಲಿಲ್ಲ. ಕೈಗೂಸು, ಜಡಿಮಳೆ, ನೆರೆಮನೆಯವರ ಸಾವಿಗೆ ಅಷ್ಟು ದೂರದಿಂದ ಯಾರು ಬರುತ್ತಾರೆ?

ಬೇಕರಿಯಿಂದ ಬಂದವಳೇ ಅಕ್ಕನಿಗೆ ಫೋನ್ ಮಾಡಿದೆ. ಅಪ್ಪ ಹೋಗಿ ಎಷ್ಟೋ ಕಾಲವಾಯಿತು, ಐವತ್ತಕ್ಕೂ ಹೆಚ್ಚು ವರ್ಷ ಅವಳೊಂದಿಗೆ ಬಾಳಿದ ಭಾವನೂ ಹೋದರು. ಇನ್ನು ಯಾರಿಗೆ ಹೆದರುವುದು ಎಂದು ಎಲ್ಲ ಹೇಳಿಬಿಟ್ಟೆ. ಐದೈದು ನಿಮಿಷದ ಕಥೆ ಕೇಳಿ ಅಕ್ಕ ಕೆಮ್ಮು ಬರುವಷ್ಟು ನಕ್ಕಳು.

"ಆಗ ಗೊತ್ತಿದ್ದಿದ್ರೆ ಮಗುವನ್ನು ಎತ್ತಿಕೊಂಡಾದ್ರೂ ಬರ್ತಿದ್ದೆ ಮಾರಾಯ್ತಿ," ಎಂದಳು. "ಒಂದು ಹಿಡಿ ಮಣ್ಣಾದ್ರೂ ಹಾಕ್ತಿದ್ದೆ."

ಫೋನಿನ ಆಚೆ ಕಡೆ ಅಕ್ಕ ಅಳುತ್ತಿದ್ದಳು.